ಎಲ್ಲಾರೂ ಮೆಚ್ಚೋ 'ಮಿಸ್ಟರಿ ಸ್ಪಾಟ್' ನನಗ್ಯಾಕ ಹಿಡಸವಲ್ದು? (ಸೂಪರ್‌ನ್ಯಾಚುರಲ್, ಸೀಸನ್ 3)

ಖಾನಾಪುರ_ರಸ್ತೆ (ಬೆಳಗಾವಿ), ಪ್ರಶ್ನೆ:

ನಮಸ್ಕಾರ್ರಿ ಎಲ್ಲಾರಿಗೂ. ಹೊಸಬರಿಗೆ ಸೂಪರ್‌ನ್ಯಾಚುರಲ್ ಅನ್ನೋ ಅಮೆರಿಕದ ಟೀವಿ ಧಾರಾವಾಹಿ ತೋರಸಾಕ ಹತ್ತು ಸಂಚಿಕೆ ಆರಿಸೋ ಕೆಲಸ ನಡದೈತಿ. 2005ರಿಂದ 2020ರ ತನಕ 15 ಸೀಸನ್, 327 ಸಂಚಿಕೆ ಬಂದಾವು. ಅದರಾಗ ಹತ್ತ ಹತ್ತು ಅಂದ್ರ ಜಗಳ ಆಗೋದ. ಆದ್ರ ಒಂದರ ಬಗ್ಗೆ ಯಾರೂ ಜಗಳ ತಗಿಯಂಗಿಲ್ಲ: 'ಮಿಸ್ಟರಿ ಸ್ಪಾಟ್'. 3ನೇ ಸೀಸನ್‌ದ 11ನೇ ಸಂಚಿಕೆ, 2008ರ ಫೆಬ್ರವರಿ 14ಕ್ಕ ಬಂದದ್ದು. ತಕರಾರು ಇರೋದು ನನ್ನದೊಂದ. ನೋಡದೇ ಇದ್ದವರು ಇಲ್ಲೇ ನಿಲ್ರಿ, ಕೆಳಗ ಕತಿ ಪೂರಾ ಬಿಚ್ಚೇನಿ.

ನೆನಪಿಲ್ಲದವರಿಗೆ ಸ್ವಲ್ಪದಾಗ: ಭೂತ-ಪಿಶಾಚಿ ಬ್ಯಾಟಿ ಆಡೋ ಅಣ್ಣತಮ್ಮರು, ಡೀನ್ ಮತ್ತ ಸ್ಯಾಮ್, ಕಾಣೆಯಾದ ಒಬ್ಬಾಂವನ್ನ ಹುಡಕ್ಕೋತ ಫ್ಲೋರಿಡಾದ ಬ್ರೋವರ್ಡ್ ಕೌಂಟಿಗೆ ಬಂದಿರತಾರ. ಮುಂಜಾನೆ 7:30ಕ್ಕ ರೇಡಿಯೋದಾಗ ಏಷ್ಯಾ ಬ್ಯಾಂಡಿನ ಹಾಡು ಬರತೈತಿ, ಸ್ಯಾಮ್ ಏಳತಾನ, ಅವತ್ತ ಮಂಗಳವಾರ. ರಾತ್ರಿ ಡೀನ್ ಗುಂಡು ತಿಂದು ಸಾಯತಾನ. ಮತ್ತ 7:30, ಮತ್ತ ಅದ ಹಾಡು, ಮತ್ತ ಮಂಗಳವಾರ. ಒಮ್ಮೆ ಕಾರು ಹಾಯತೈತಿ, ಒಮ್ಮೆ ಮ್ಯಾಲ ಏರಸ್ತಿದ್ದ ಮೇಜು ಮೈಮ್ಯಾಲ ಬೀಳತೈತಿ, ಒಮ್ಮೆ ಗಂಟಲಾಗ ಸಾಸೇಜ್ ಸಿಗತೈತಿ, ಒಮ್ಮೆ ಬಚ್ಚಲದಾಗ ಜಾರತಾನ, ಒಮ್ಮೆ ಶೇವಿಂಗ್ ಮಷೀನಿನ ಕರೆಂಟ್ ಹೊಡೀತೈತಿ. ಇದನ್ನ ಮಾಡಸಾಕ ಹತ್ತಿದಾಂವ ಟ್ರಿಕ್‌ಸ್ಟರ್ (ಮಾಯಾ ಮಾಡಿ ಮಂದೀನ ಆಟ ಆಡಸೋ ಕಿಡಿಗೇಡಿ) ಅಂತ ಸ್ಯಾಮ್ ಕಂಡುಹಿಡದ ಮ್ಯಾಲ ಬುಧವಾರ ಬರತೈತಿ. ಆ ಬುಧವಾರ ಡೀನ್ ಮತ್ತ ಗುಂಡಿಗೆ ಬಲಿ ಆಗತಾನ, ಆದ್ರ ಈ ಸಲ ದಿನ ತಿರುಗಿ ಬರಂಗಿಲ್ಲ. ಸ್ಯಾಮ್ ಆರು ತಿಂಗಳು ಒಬ್ಬನ ಕಳೀತಾನ. ಕಡೀಕ ಟ್ರಿಕ್‌ಸ್ಟರ್ ಎಲ್ಲಾ ಹಿಂದ ತಿರುಗಿಸಿ ಅಣ್ಣನ್ನ ಮರಳಿ ಕೊಡತಾನ.

ನನ್ನ ತಕರಾರು ಹೇಳ್ತೇನಿ. ಈ ಸೀಸನ್ ನಿಂತದ್ದ ಡೀನ್‌ಗೆ ಒಂದ ವರ್ಷ ಆಯುಷ್ಯ ಉಳದೈತಿ ಅನ್ನೋದರ ಮ್ಯಾಲ. ತಮ್ಮನ್ನ ಬದುಕಸಾಕ ಅಂವ ಆತ್ಮ ಅಡ ಇಟ್ಟಾನ. ಅಂಥಾ ಹೊತ್ತಿನ್ಯಾಗ ಅವನ ಸಾವನ್ನ ಸಾಲು ಸಾಲಾಗಿ ನಗೀಗೆ ಇಟ್ರ, ಮುಂದ ಖರೇ ಸಾವು ಬಂದಾಗ ಅದರ ತೂಕ ಕಡಿಮಿ ಆಗತೈತಿ. ಇನ್ನ, ಸಂಚಿಕೆಯೊಳಗ ಎಲ್ಲಕ್ಕಿಂತ ಚಲೋ ಇರೋ ಸಾಮಾನು ಆ ಆರು ತಿಂಗಳು. ಅದಕ್ಕ ಸಿಕ್ಕ ಜಾಗ ಕಡೇ ಕಾಲುಭಾಗದಷ್ಟ. ಎಲ್ಲಕ್ಕಿಂತ ದೊಡ್ಡದು, ತಿರುಗಿಸಿದ ಮ್ಯಾಲ ಅದರ ಕಲೆ ಎಲ್ಲೂ ಉಳಿಯಂಗಿಲ್ಲ. ಮುಂದಿನ ವಾರದ ಸಂಚಿಕೆಯೊಳಗ ಸ್ಯಾಮ್ ಏನೂ ಆಗದವರಂಗ ಇರತಾನ.

ಕೇಳೋದು ಎರಡು. ಈ ತಕರಾರು ಬರೇ ನನ್ನ ರುಚೀದೋ, ಕಟ್ಟೋದರಾಗ ಖರೇನ ದೋಷ ಐತೋ? ಮತ್ತ, ಪಟ್ಟಿಯೊಳಗ ಇದನ್ನ ಇಡಬೇಕಂದ್ರ ಯಾವದರ ಹಿಂದ, ಯಾವದರ ಮುಂದ ಇಡಬೇಕು? 'ಅಭಿಮಾನಿ ಆದಾಂವ ಹಿಂಗ ಅನ್ನಬಾರದು' ಅನ್ನೋ ಉತ್ತರ ಬ್ಯಾಡ್ರಿ. ಸೀನ್ ಹಿಡದು ಮಾತಾಡೋಣು.

ಪಿಸುಗುಮ್ಮಟ (ವಿಜಯಪುರ):

ಮೊದಲ್ನೇ ತಕರಾರು ನಾ ಒಪ್ಪಂಗಿಲ್ರಿ. ಅಲ್ಲಿ ನಗಿ ಅಳದು ತೂಗಿ ಇಟ್ಟದ್ದದ, ಮತ್ತ ಅದು ತೀರಿಹೋಗಲಿ ಅಂತನ ಇಟ್ಟದ್ದದ.

ಒಂದ ದಿನ ಮರಳಿ ಮರಳಿ ಬರೋ ಕತೀನ ಹೆಂಗ ಕಟ್ಟತಾರ ನೋಡ್ರಿ. ಮೊದಲ್ನೇ ಮಂಗಳವಾರ ಉದ್ದ ಇರ್ತದ, ಅವಸರ ಇರಂಗಿಲ್ಲ. ಯಾಕಂದ್ರ ಗೂಟಗಳನ್ನೆಲ್ಲಾ ಅವತ್ತ ಬಡೀಬೇಕು. ಡೈನರ್‌ನ್ಯಾಗ ಊಟ ತರೋ ಡೋರಿಸ್, ಅಕಿ ಕೈಯಾಗಿಂದ ಜಾರಿ ಒಡಿಯೋ ಖಾರದ ಸಾಸ್ ಬಾಟ್ಲಿ, ಕೀಲಿಕೈ ಹುಡಕೋ ಮುದುಕ, ಕೌಂಟರ್ ಮುಂದ ಕುಂತ ಕ್ಯಾಲ್, ಹೊರಗ ಮೇಜು ಏರಸೋ ಆಳು, ಓಣ್ಯಾಗ ಕಟ್ಟಿದ ನಾಯಿ. ನೋಡೋ ಹೊತ್ತಿನ್ಯಾಗ ಇವೆಲ್ಲಾ ಬರೇ ಊರಿನ ಗದ್ದಲ ಅನಸ್ತದ. ಎರಡನೇ ಮಂಗಳವಾರ ಅವ ಮತ್ತ ಬರ್ತಾವ, ಆದ್ರ ಸ್ವಲ್ಪ ಗಿಡ್ಡಾಗಿ. ಆಮ್ಯಾಲ ಬಾಟ್ಲಿ ಬೀಳೋದರಾಗ ಸ್ಯಾಮ್ ಕೈ ಚಾಚಿ ಹಿಡೀತಾನ. ಅಂವ ಹೇಳೋದು ಖರೇ ಅನ್ನಾಕ ಡೀನ್‌ಗೆ ಸಿಗೋ ಪುರಾವೆ ಅದು, ಒಂದೂ ಮಾತಿಲ್ಲದ ಪುರಾವೆ.

ಮುಂದ ಸುತ್ತು ಇನ್ನೂ ಗಿಡ್ಡ ಆಗ್ತಾವ. ಸಾಸೇಜ್, ಬಚ್ಚಲ, ಕೆಟ್ಟ ಟಾಕೋ, ಶೇವಿಂಗ್ ಮಷೀನ್, ಒಂದೊಂದಕ್ಕ ಕೆಲವ ಸೆಕೆಂಡು. ನಡುವಿನ ದಿನ ನಾವ ತುಂಬಿಕೋತೀವಿ. ಪರೀಕ್ಷಾ ಮಾಡಬೇಕಂದ್ರ ಪೆನ್ನು ಕಾಗದ ಹಿಡಕೊಂಡು ಕೂಡ್ರಿ, ಹಾಡು ಶುರು ಆದಾಗೊಮ್ಮೆ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಅಂತ ಬರಕೋರಿ. ಎರಡು ಗುರುತಿನ ನಡುವಿನ ಅಂತರ ಇಳಕೋತ ಹೋಗ್ತದ. ಪಕ್ಕದಾಗ ಇನ್ನೊಂದು ಸಾಲು ಮಾಡಿ, ಆ ಸುತ್ತಿನ್ಯಾಗ ಕ್ಯಾಮೆರಾ ಕಡೀಕ ಯಾರ ಮಾರಿ ಮ್ಯಾಲ ನಿಂತದ ಅಂತ ಬರೀರಿ. ಶುರುವಿನ್ಯಾಗ ಡೀನ್, ಆಮ್ಯಾಲ ಸ್ಯಾಮ್. ನಗಿ ಡೀನ್‌ಂದು, ನೆನಪು ಸ್ಯಾಮ್‌ಂದು. ಡೀನ್‌ಗೆ ಪ್ರತಿ ಮುಂಜಾನೆ ಹೊಸ ಮುಂಜಾನೆ. ಸ್ಯಾಮ್ ಅಷ್ಟೂ ಹೆಣ ನೋಡಿ ಎದ್ದಾಂವ. ಡೈನರ್‌ನ್ಯಾಗ ಯಾರ್ಯಾರು ಏನೇನು ಅಂತಾರ ಅನ್ನೋದನ್ನ ಒಣ ದನಿಯಿಂದ ಅವರಕಿಂತ ಮೊದಲ ಹೇಳಿ ಮುಗಸ್ತಾನಲ್ಲ, ಆ ಹೊತ್ತಿಗೆ ನಗಿ ಅರ್ಧ ಸತ್ತಿರ್ತದ. ಜೆರೆಮಿ ಕಾರ್ವರ್ ಚಿತ್ರಕಥೆ, ಕಿಮ್ ಮ್ಯಾನರ್ಸ್ ನಿರ್ದೇಶನ. ಇಬ್ಬರಿಗೂ ಈ ಇಳಿತ ಗೊತ್ತಿದ್ದ ಮಾಡಿದ್ದು.

ಗೂಟ ಬಡದದ್ದರ ಫಲ ಸಿಗೋದು ಪಾಕದ ಸೀನಿನ್ಯಾಗ. ಕೌಂಟರ್ ಮುಂದ ಕುಂತು ಪ್ಯಾನ್‌ಕೇಕ್ ತಿನ್ನೋ ಮನಷ್ಯಾ ದಿನಾ ಮೇಪಲ್ ಪಾಕ ಹಾಕೋತಿರ್ತಾನ. ಒಂದಿನ ಅದು ಸ್ಟ್ರಾಬೆರಿ ಪಾಕ ಆಗಿರ್ತದ. ಆ ಮನಷ್ಯಾನ ಟ್ರಿಕ್‌ಸ್ಟರ್ ಅಂತ ಸ್ಯಾಮ್‌ಗೆ ಗೊತ್ತಾಗೋದು ಅದರಿಂದನ. ಎಲ್ಲಾ ಗಡಿಯಾರದಂಗ ನಡದದ್ದನ್ನ ಅಷ್ಟು ಸಲ ತೋರಿಸಿದ್ದಕ್ಕ ಆ ಒಂದು ಬಾಟ್ಲಿ ಬಣ್ಣ ನಮಗೂ ಕಣ್ಣಿಗೆ ಹೊಡೀತದ. ಸುತ್ತು ಕಡಿಮಿ ಮಾಡಿದ್ರ ಈ ಸೀನ್ ನಿಲ್ಲತಿರಲಿಲ್ಲ. ಹಂಗಾಗಿ ಸಾವಿನ ಸಾಲಿನ್ಯಾಗ ನಾಕು ಕತ್ತರಿಸಿ ಆರು ತಿಂಗಳಿಗೆ ಕೊಡ್ರಿ ಅಂದ್ರ ಇತ್ತಾಗ ಅಡಿಪಾಯ ಹೋಗ್ತದ.

ದೋಷ ಅದ, ಆದ್ರ ನೀವು ತೋರಿಸಿದ ಕಡೆ ಅಲ್ಲ. ಅಣ್ಣತಮ್ಮರು ಆ ಊರಿಗೆ ಬಂದದ್ದ ಡೆಕ್ಸ್‌ಟರ್ ಹ್ಯಾಸಲ್‌ಬ್ಯಾಕ್ ಅನ್ನಾಂವ ಕಾಣೆ ಆದ ಅಂತ. ಇಂಥಾ ಜಾಗ ಎಲ್ಲಾ ಬೋಗಸ್ ಅಂತ ತೋರಸ್ಕೋತ ತಿರುಗೋ ಮನಷ್ಯಾ ಅಂವ. ಅವನ ಮಗಳು ಚಿಂತಿ ಹಚ್ಚಿಕೊಂಡಿರ್ತಾಳ. ಸಂಚಿಕೆ ಅವನ್ನ ಮರತಬಿಡ್ತದ. ಟ್ರಿಕ್‌ಸ್ಟರ್ ಒಂದ ಮಾತಿನ್ಯಾಗ, ವರ್ಮ್‌ಹೋಲ್ ನಂಬತಿರಲಿಲ್ಲ, ಅದರಾಗ ಒಗದೆ ಅಂತ ಹೇಳಿ ಮುಗಸ್ತಾನ. ಹೆಸರು ಕೊಟ್ಟ ಜಾಗ, ಮಾಳಿಗಿಗೆ ಕುರ್ಚಿ-ಮೇಜು ಅಂಟಿಸಿದ ಆ ಪ್ರವಾಸಿ ಅಂಗಡಿ, ಅದಕ್ಕೂ ದಿನ ಮರಳೋದಕ್ಕೂ ಸಂಬಂಧನ ಇಲ್ಲ. ಬಿಚ್ಚಿ ನೋಡಿದ್ರ ಸಂಚಿಕೆಯ ಸಡಿಲು ಹೊಲಿಗಿ ಇದು.

ಹೊಸ_ಬ್ಯಾಟಿಗಾರ (ಬೆಳಗಾವಿ):

ನಡುವ ಒಂದು ಸಣ್ಣ ಪ್ರಶ್ನೆರಿ. ಡೀನ್ ನೂರು ಸಲ ಸಾಯತಾನ ಅಂತ ಎಲ್ಲಾ ಕಡೆ ಬರದಿರತಾರ. ತೆರೀ ಮ್ಯಾಲ ಅಷ್ಟ ಎಲ್ಲಿ ಅದಾವು?

ಪಿಸುಗುಮ್ಮಟ (ವಿಜಯಪುರ):

ತೆರೀ ಮ್ಯಾಲ ಕಾಣೋದು ಹತ್ತರ ಆಜೂಬಾಜು. ನೂರು ಅನ್ನೋದು ಸುತ್ತಿನ ಲೆಕ್ಕ, ಮಾತಿನ್ಯಾಗ ಬರೋದು. ಎಣಸೋರು ಬಚ್ಚಲದ್ದನ್ನ ಬಿಡಬ್ಯಾಡ್ರಿ. ಅಲ್ಲಿ ಬಿದ್ದ ಸಪ್ಪಳ ಕೇಳಸ್ತದ, ಬಿದ್ದದ್ದು ಕಾಣಂಗಿಲ್ಲ.

ಘಟಪ್ರಭಾ_ದಂಡೆ (ಬಾಗಲಕೋಟೆ):

ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಕಡೆಯ ಪ್ರೇಕ್ಷಕರಿಗೆ ನಗುವೂ ಅಳುವೂ ಒಂದೇ ಅಂಕದಲ್ಲಿ ಬಂದರೆ ತೊಡಕಾಗುವುದಿಲ್ಲ. ಹಾಗಾಗಿ ಮೊದಲ ತಕರಾರನ್ನು ಬದಿಗಿಡುತ್ತೇನೆ. ಕೊನೆಯದು ಗಂಭೀರವಾದದ್ದು, ಅದಕ್ಕೆ ಉತ್ತರ ಈ ಒಂದು ಸಂಚಿಕೆಯಲ್ಲಿ ಸಿಗುವುದಿಲ್ಲ.

ಈ ಧಾರಾವಾಹಿಯ ಬೆನ್ನೆಲುಬು ಒಂದು ಸಾಲದ ಸರಪಳಿ. 2ನೇ ಸೀಸನ್ ಮೊದಲ ಸಂಚಿಕೆ 'ಇನ್ ಮೈ ಟೈಮ್ ಆಫ್ ಡೈಯಿಂಗ್' (2006ರ ಸೆಪ್ಟೆಂಬರ್ 28). ಡೀನ್ ಆಸ್ಪತ್ರೆಯಲ್ಲಿ ಸಾವಿನ ಅಂಚಿನಲ್ಲಿದ್ದಾನೆ. ಅಪ್ಪ ಜಾನ್ ಹಳದಿ ಕಣ್ಣಿನ ಪಿಶಾಚಿಗೆ ತನ್ನ ಪ್ರಾಣವನ್ನೂ ಪಿಶಾಚಿಗಳನ್ನು ಕೊಲ್ಲಬಲ್ಲ ಕೋಲ್ಟ್ ಬಂದೂಕನ್ನೂ ಕೊಟ್ಟು ಮಗನನ್ನು ಉಳಿಸುತ್ತಾನೆ. ಅದೇ ಸೀಸನ್ನಿನ ಕೊನೆಯಲ್ಲಿ ಸ್ಯಾಮ್ ಸಾಯುತ್ತಾನೆ. ಡೀನ್ ಆತ್ಮ ಬರೆಸಿಕೊಂಡು ಬೇಡಿದ್ದನ್ನು ಕೊಡುವ ಕೂಡುರಸ್ತೆಯ ಪಿಶಾಚಿಯ ಹತ್ತಿರ ಹೋಗುತ್ತಾನೆ. ಬೇರೆಯವರಿಗೆ ಹತ್ತು ವರ್ಷ ಗಡುವು ಕೊಡುವ ಆ ಪಿಶಾಚಿ ಇವನಿಗೆ ಕೊಟ್ಟದ್ದು ಒಂದೇ ವರ್ಷ. ಅಪ್ಪ ಮಗನಿಗಾಗಿ, ಅಣ್ಣ ತಮ್ಮನಿಗಾಗಿ. ಮುಂದಿನ ಸರದಿ ತಮ್ಮನದು. ಅವನು ಎಲ್ಲಿಯವರೆಗೆ ಹೋದಾನು ಎಂಬುದನ್ನು ಮೊದಲೇ ಒಮ್ಮೆ ತೋರಿಸುವುದು 'ಮಿಸ್ಟರಿ ಸ್ಪಾಟ್'ನ ಕೆಲಸ.

ಆರು ತಿಂಗಳ ಭಾಗ ಚಿಕ್ಕದಾದರೂ ತೆಳುವಾಗಿಲ್ಲ. ಮೋಟೆಲ್ ಕೋಣೆಯಲ್ಲಿ ಸ್ಯಾಮ್ ತನ್ನ ಮೈಯೊಳಗಿನ ಗುಂಡನ್ನು ತಾನೇ ಕಿತ್ತು, ತಾನೇ ಹೊಲಿದುಕೊಳ್ಳುತ್ತಾನೆ. ಹಾಸಿಗೆಯ ಅಂಚು ಒಂದು ಸುಕ್ಕಿಲ್ಲದೆ ಮಡಚುತ್ತಾನೆ. ಆಯುಧಗಳು ಸಾಲಾಗಿ ಕೂತಿವೆ. ಮೇಲಿಂದ ಬಾಬಿಯ (ಅಣ್ಣತಮ್ಮಂದಿರಿಗೆ ತಂದೆಯಂತಿರುವ ಹಿರಿಯ ಬೇಟೆಗಾರ) ಧ್ವನಿ ಫೋನ್ ಸಂದೇಶವಾಗಿ ಕೇಳುತ್ತದೆ, ಸ್ಯಾಮ್ ತಿರುಗಿ ಫೋನ್ ಮಾಡುವುದಿಲ್ಲ. ದುಃಖ ಅನ್ನುವ ಪದವೇ ಬಾರದೆ ಒಬ್ಬ ಮನುಷ್ಯ ಯಂತ್ರವಾದದ್ದನ್ನು ಹೇಳಿ ಮುಗಿಸಿದ್ದಾರೆ. ಇದನ್ನು ಹಿಗ್ಗಿಸಿದರೆ ಅಳು, ಕುಡಿತ, ಜಗಳದ ಸೀನುಗಳು ಬರಬೇಕಾಗುತ್ತಿತ್ತು, ಆಗ ಈ ಒಣಗಿದ ಅಚ್ಚುಕಟ್ಟುತನ ಕೈತಪ್ಪುತ್ತಿತ್ತು.

ಪರಿಣಾಮ ಕಾಣುವುದು 4ನೇ ಸೀಸನ್ನಿನಲ್ಲಿ. 2008ರ ಮೇ 15ರ ಸಂಚಿಕೆಯಲ್ಲಿ ನರಕದ ನಾಯಿಗಳು ಡೀನ್‌ನನ್ನು ಸೀಳುತ್ತವೆ. ಸೆಪ್ಟೆಂಬರ್ 18ಕ್ಕೆ 'ಲಾಜರಸ್ ರೈಸಿಂಗ್'ನಲ್ಲಿ ಅವನು ಗೋರಿಯಿಂದ ಎದ್ದು ಬರುವಾಗ ಭೂಮಿಯ ಮೇಲೆ ನಾಲ್ಕು ತಿಂಗಳು ಕಳೆದಿರುತ್ತವೆ. ಆ ನಾಲ್ಕು ತಿಂಗಳಲ್ಲಿ ಸ್ಯಾಮ್ ಏನಾಗಿದ್ದ ಎಂಬುದನ್ನು ನವೆಂಬರ್ 13ರ 9ನೇ ಸಂಚಿಕೆ ಬಿಚ್ಚಿಡುತ್ತದೆ: ಕುಡಿತ, ಮತ್ತೆ ಕೂಡುರಸ್ತೆ, ರೂಬಿ ಎಂಬ ಪಿಶಾಚಿಯ ಸಹವಾಸ, ಡೀನ್‌ನ ಸಾವಿಗೆ ಕಾರಣಳಾದ ಪಿಶಾಚಿ ಲಿಲಿತ್ ಮೇಲಿನ ಸೇಡು. ಟ್ರಿಕ್‌ಸ್ಟರ್ ತೋರಿಸಿದ ದಾರಿಯಲ್ಲೇ ಅವನು ನಡೆದಿರುತ್ತಾನೆ. ನೀವು ಕೇಳುವ ಕಲೆ ಅಲ್ಲಿದೆ.

ಇನ್ನೊಂದು ಸಂಗತಿಯನ್ನೂ ನೋಡಬೇಕು. 2007ರ ನವೆಂಬರ್ 5ರಿಂದ 2008ರ ಫೆಬ್ರವರಿ 12ರವರೆಗೆ ಅಮೆರಿಕದ ಬರಹಗಾರರ ಮುಷ್ಕರ ನಡೆಯಿತು. 22 ಸಂಚಿಕೆ ಆಗಬೇಕಿದ್ದ ಸೀಸನ್ 16ಕ್ಕೆ ನಿಂತಿತು. 'ಮಿಸ್ಟರಿ ಸ್ಪಾಟ್' ಬಂದದ್ದು ಮುಷ್ಕರ ಮುಗಿದ ಎರಡು ದಿನಕ್ಕೆ. ಮರುವಾರ 'ಜಸ್ ಇನ್ ಬೆಲ್ಲೋ', ಆಮೇಲೆ ಏಪ್ರಿಲ್ 24ರವರೆಗೆ ಹೊಸ ಸಂಚಿಕೆ ಇಲ್ಲ. ಉಳಿದ ನಾಲ್ಕರಲ್ಲಿ ಡೀನ್‌ನ ಗಡುವು ಮುಗಿಸಬೇಕಿತ್ತು. ಸ್ಯಾಮ್‌ನ ಒಳಗನ್ನು ಬಿಡಿಸಲು ಜಾಗ ಎಲ್ಲಿಂದ ಬರಬೇಕು?

ಮೂರನೇ_ಗೇಟ್ (ಬೆಳಗಾವಿ):

ಮುಷ್ಕರದ ಮಾತು ಅರ್ಧಕ್ಕ ಖರೇರಿ. ಆ ಸೀಸನ್‌ದ ಮೊದಲ 12 ಸಂಚಿಕೆ ಮುಷ್ಕರಕ್ಕ ಮೊದಲ ಬರದಾಗಿತ್ತು. ಅಂದ್ರ 11 ಬರದಾಗ 12ನೂ ಕೈಯಾಗ ಇತ್ತು. 'ಜಸ್ ಇನ್ ಬೆಲ್ಲೋ'ದಾಗ ಅಣ್ಣತಮ್ಮರು ಪೊಲೀಸ್ ಠಾಣೆಯೊಳಗ ಸಿಕ್ಕೊಂಡಿರತಾರ, ಹೊರಗ ಪಿಶಾಚಿಗಳ ಹಿಂಡು, ಒಳಗ ಒಬ್ಬ ಅಮಾಯಕ ಹುಡುಗಿನ್ನ ಬಲಿ ಕೊಟ್ರ ಎಲ್ಲಾರೂ ಉಳೀತೀವೇನು ಅನ್ನೋ ವಾದ. ಆರು ತಿಂಗಳು ಏನಕ್ಕೂ ಹೇಸದ ಸ್ಯಾಮ್ ಆ ವಾದದಾಗ ಬ್ಯಾರೆನ ದನಿ ತಗೀಬೇಕಾಗಿತ್ತು. ಒಂದು ನೋಟ, ಒಂದು ಅರ್ಧ ಮಾತು ಸಾಕಿತ್ತು. ಜಾಗ ಇಲ್ಲ ಅನ್ನೋ ನೆಪ ಅಲ್ಲಿ ನಡಿಯಂಗಿಲ್ಲ.

ಹೋಲಿಸಿ ನೋಡಬೇಕಂದ್ರ ಎಕ್ಸ್-ಫೈಲ್ಸ್ ಅನ್ನೋ ಇನ್ನೊಂದು ಅಮೆರಿಕನ್ ಧಾರಾವಾಹಿಯ 'ಮಂಡೇ' ಸಂಚಿಕೆ ತಗೋರಿ. 6ನೇ ಸೀಸನ್, 1999ರ ಫೆಬ್ರವರಿ 28. ಅದನ್ನ ನಿರ್ದೇಶಿಸಿದಾಂವನೂ ಇದ ಕಿಮ್ ಮ್ಯಾನರ್ಸ್. ಅದೂ ಒಂದ ದಿನ ಮರಳೋ ಕತಿ. ನಾಯಕ ಮುಲ್ಡರ್‌ನ ನೀರಿನ ಹಾಸಿಗಿ ಸೋರಿ ಮುಂಜಾನೆ ಶುರು ಆಗತೈತಿ, ಪಗಾರದ ಚೆಕ್ ಕಟ್ಟಾಕ ಬ್ಯಾಂಕಿಗೆ ಹೋಗತಾನ, ಅಲ್ಲೆ ದರೋಡೆ, ದರೋಡೆಕೋರ ಬರ್ನಾರ್ಡ್ ಮೈಗೆ ಬಾಂಬ್ ಕಟಗೊಂಡಿರತಾನ, ಎಲ್ಲಾರೂ ಸಾಯತಾರ. ಮತ್ತ ಸೋಮವಾರ.

ಎರಡರ ವ್ಯತ್ಯಾಸ ನೋಡ್ರಿ. 'ಮಂಡೇ'ದಾಗ ನೆನಪು ಇರೋದು ಹೊರಗ ಕಾರಿನ್ಯಾಗ ಕುಂತ ಪ್ಯಾಮ್‌ಗೆ, ಬರ್ನಾರ್ಡ್‌ನ ಗೆಳತಿ. ನಾಯಕರಿಗೆ ಗೊತ್ತಿರಂಗಿಲ್ಲ. ಅಕಿ ದಿನಾ ಒಂದೊಂದು ಹಾದಿ ಹಿಡೀತಾಳ, ದಿನಾ ಸೋಲತಾಳ, ಹಿಂಗಾಗಿ ಪ್ರತಿ ಸುತ್ತಿನ್ಯಾಗ ನಮಗ ಒಂದು ಹೊಸಾ ಸುದ್ದಿ ಸಿಗತೈತಿ. ಸುತ್ತು ಒಡಿಯೋದು ಅಕಿ ಮುಲ್ಡರ್‌ಗೆ ಬರೋ ಗುಂಡಿಗೆ ಅಡ್ಡ ಬಂದು ಸತ್ತಾಗ. ಆ ಸಾವು ತಿರುಗಿ ಬರಂಗಿಲ್ಲ, ಅದಕ್ಕ ಮಂಗಳವಾರ ಬರತೈತಿ. ಬೆಲೆ ಕೊಟ್ಟದ್ದು ಕೊಟ್ಟಂಗ ಉಳೀತೈತಿ.

'ಮಿಸ್ಟರಿ ಸ್ಪಾಟ್'ದಾಗ ಸುತ್ತು ಒಡಿಯೋದು ಸ್ಯಾಮ್ ಪಾಕದ ಬಾಟ್ಲಿ ಗುರುತಿಸಿದ್ದಕ್ಕ, ಆರು ತಿಂಗಳು ಮುಗಿಯೋದು ಟ್ರಿಕ್‌ಸ್ಟರ್‌ಗೆ ಸಾಕಾತು ಅನಿಸಿದ್ದಕ್ಕ. ಎರಡನೇದರಾಗ ಸ್ಯಾಮ್ ಏನೂ ಕೊಡಂಗಿಲ್ಲ, ಬೇಡಿಕೋತಾನ ಅಷ್ಟ. ದೋಷ ಇರೋದು ಇಲ್ಲೇ ಅಂತ ನನ್ನ ವಾದ. ನಗಿ ಹೆಚ್ಚಾತು, ದುಃಖ ಕಡಿಮಿ ಆತು ಅನ್ನೋದಲ್ಲ. ಬಿಡುಗಡೆ ಪಾತ್ರದ ಕೈಯಿಂದ ಬರಲಿಲ್ಲ, ಕೊಡೋನ ಮರ್ಜಿಯಿಂದ ಬಂತು. ಅದಕ್ಕ ಮುಂದಿನ ವಾರ ಕಲೆ ಉಳಿಯಲಿಲ್ಲ. ಅಂವ ಬೆಲೆ ತೆತ್ತಿದ್ರ ಬರಹಗಾರರಿಗೆ ಅದನ್ನ ಮರಿಯಾಕ ಆಗತಿರಲಿಲ್ಲ.

ಖಾನಾಪುರ_ರಸ್ತೆ (ಬೆಳಗಾವಿ):

ಮೂರನೇ_ಗೇಟ್ ಅವರ, ನಾ ಹೇಳಬೇಕಂದದ್ದನ್ನ ನೀವು ಸೀನ್ ಹಿಡದು ತೋರಿಸಿದ್ರಿ. ಅದಕ್ಕ ಇನ್ನೊಂದು ಸೀನ್ ಸೇರಸ್ತೇನಿ, ಬಾಬಿದು.

ಆರು ತಿಂಗಳಾದ ಮ್ಯಾಲ ಬಾಬಿ ಫೋನ್ ಮಾಡಿ ಸ್ಯಾಮ್‌ನ್ನ ಮತ್ತ ಅದ ಮಿಸ್ಟರಿ ಸ್ಪಾಟಿಗೆ ಕರಸ್ತಾನ. ಟ್ರಿಕ್‌ಸ್ಟರ್‌ನ ಕರಿಯೋ ವಿಧಿ ಐತಿ, ಆದ್ರ ಹೆಚ್ಚುಕಡಿಮಿ ಒಂದು ಗ್ಯಾಲನ್ ಹಸಿ ಮನಷ್ಯಾನ ರಕ್ತ ಬೇಕು ಅಂತಾನ. ಒಂದು ಅಮೆರಿಕನ್ ಗ್ಯಾಲನ್ ಅಂದ್ರ 3.8 ಲೀಟರ್. ದೊಡ್ಡ ಮನಷ್ಯಾನ ಮೈಯಾಗ ಇರೋದ ಸುಮಾರು 5 ಲೀಟರ್. ಅಂದ್ರ ಒಬ್ಬಾಂವನ್ನ ಕೊಲ್ಲಲೇಬೇಕು. ಸ್ಯಾಮ್ ಕಣ್ಣು ಪಿಳಕಸದ ಆತು, ತರೋಣು ಅಂತಾನ. ಬಾಬಿ ತಡದು, ಬ್ಯಾರೆ ಯಾರನ್ನೂ ಕೊಲ್ಲಬ್ಯಾಡ, ನನ್ನ ರಕ್ತ ತಗೋ ಅಂತ ಬೆನ್ನ ತಿರುಗಿಸಿ ಮೊಳಕಾಲೂರತಾನ. ಸ್ಯಾಮ್ ಗೂಟ ಚುಚ್ಚತಾನ. ಇಂವ ಬಾಬಿ ಅಲ್ಲ, ಟ್ರಿಕ್‌ಸ್ಟರ್ ಅಂತ ಗೊತ್ತಿತ್ತು ಅಂತಾನ. ಆದ್ರ ಚುಚ್ಚಿದ ಮ್ಯಾಲ ಹೆಣ ಹಂಗ ಬಿದ್ದಿರತೈತಿ, ಏನೂ ಆಗಂಗಿಲ್ಲ. ಸ್ಯಾಮ್‌ನ ಮಾರಿ ಕುಸೀತೈತಿ, ನಡಗೋ ದನಿಯಿಂದ ಬಾಬೀ ಅಂತಾನ. ಆಮ್ಯಾಲ ಹೆಣ ಮಾಯ ಆಗಿ ಗೂಟ ಟ್ರಿಕ್‌ಸ್ಟರ್‌ನ ಕೈಗೆ ಹಾರತೈತಿ. ಆ ನಾಕು ಉಸುರಿನಷ್ಟು ಹೊತ್ತು ಇಡೀ ಸಂಚಿಕೆಯ ಜೀವ, ಜಾರೆಡ್ ಪಡಲೆಕ್ಕಿ ಆ ಸೀಸನ್‌ದಾಗ ಇದಕ್ಕಿಂತ ಚಲೋ ಎಲ್ಲೂ ಮಾಡಿಲ್ಲ ಅಂತ ನನ್ನ ಲೆಕ್ಕ.

ಖರೇ ಬಾಬಿ ಸೀಸನ್ ಕಡೀಕ ಅದ ಸ್ಯಾಮ್‌ನ ಪಕ್ಕದಾಗ ನಿಂತು ಹೋರಾಡತಾನ. ಅವನ ಮಾರಿ ನೋಡಿದಾಗ ಸ್ಯಾಮ್‌ಗೆ ಆ ಗೂಟ ನೆನಪಾಗಬೇಕಲ್ಲ? ತೆರೀ ಮ್ಯಾಲ ಆ ಮಾತು ಬರಂಗಿಲ್ಲ. ಘಟಪ್ರಭಾ_ದಂಡೆ ಅವರು ಹೇಳಿದ 4ನೇ ಸೀಸನ್‌ದ ಸೇಡು ಡೀನ್‌ನ ಖರೇ ಸಾವಿಂದ ಹುಟ್ಟಿದ್ದು. ಟ್ರಿಕ್‌ಸ್ಟರ್‌ನ ಆರು ತಿಂಗಳು ಆಗದೇ ಇದ್ರೂ ಅದು ಹಂಗ ನಡೀತಿತ್ತು. ಎರಡರ ಹೋಲಿಕೆ ನಮಗ ಕಾಣತೈತಿ, ಸ್ಯಾಮ್‌ಗೆ ಕಾಣಂಗಿಲ್ಲ. 'ಇದನ್ನ ಒಮ್ಮೆ ಬದುಕೇನಿ' ಅಂತ ಅಂವ ಒಂದು ಸಲ ಅಂದಿದ್ರ ನಾನೂ ಇದನ್ನ ಮೊದಲ ಮೂರರಾಗ ಇಡತಿದ್ದೆ.

ಆದ್ರೂ ಪಟ್ಟಿಯಿಂದ ತಗಿಯಂಗಿಲ್ಲ. ಆರು ತಿಂಗಳ ಸಲುವಾಗಿ ಇಡಬೇಕು. ಸರಪಳಿ ಮಾತು ತಗದವರು ನೀವ, ಅನುಕ್ರಮನೂ ನೀವ ಹೇಳ್ರಿ.

ಘಟಪ್ರಭಾ_ದಂಡೆ (ಬಾಗಲಕೋಟೆ):

ಬಾಬಿಯ ಸೀನ್ ಬಗ್ಗೆ ನೀವು ಹೇಳಿದ್ದಕ್ಕೆ ನನ್ನಲ್ಲಿ ಎದುರು ವಾದ ಇಲ್ಲ. ಆದರೆ ಹೋಲಿಕೆ ನೋಡುವವರಿಗೆ ಕಂಡರೆ ಸಾಕು ಎನ್ನುವುದು ನನ್ನ ನಿಲುವು, ಅದು ಹಾಗೇ ಇರಲಿ. ಅನುಕ್ರಮಕ್ಕೆ ಬರುತ್ತೇನೆ.

'ಮಿಸ್ಟರಿ ಸ್ಪಾಟ್' ಬಿಡಿಯಾಗಿ ನಿಲ್ಲುವ ಸಂಚಿಕೆ ಎಂದು ಹೊಸಬರಿಗೆ ಮೊದಲೇ ತೋರಿಸುವುದು ಸಾಮಾನ್ಯವಾಗಿ ಆಗುವ ಎಡವಟ್ಟು. ಸಾವಿನ ಸಾಲು ಯಾರಿಗೂ ಅರ್ಥವಾಗುತ್ತದೆ, ನಗುತ್ತಾರೆ. ಬುಧವಾರ ಬಂದ ಮೇಲೆ ಕತ್ತಲು. ಡೀನ್‌ನ ಗಡುವು ಗೊತ್ತಿಲ್ಲ, ಬಾಬಿ ಯಾರೆಂದು ಗೊತ್ತಿಲ್ಲ, ಟ್ರಿಕ್‌ಸ್ಟರ್ ಮುಂಚೆ ಬಂದಿದ್ದ ಎಂಬುದೂ ಗೊತ್ತಿಲ್ಲ. ನೋಡಿ ಎದ್ದವರಿಗೆ ನೆನಪುಳಿಯುವುದು ಸಾಸೇಜ್ ಮಾತ್ರ. ಈ ಸಂಚಿಕೆಗೆ 'ಬರೀ ತಮಾಷೆಯದು' ಎಂಬ ಹೆಸರು ಬಂದದ್ದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಹತ್ತರ ಪಟ್ಟಿ ಹೀಗೆ. ಮೊದಲು ಪೈಲಟ್, 1ನೇ ಸೀಸನ್ನಿನ ಮೊದಲ ಸಂಚಿಕೆ. ಆಮೇಲೆ 2ನೇ ಸೀಸನ್ನಿನಿಂದ 1 (ಅಪ್ಪನ ಒಪ್ಪಂದ), 15 ('ಟಾಲ್ ಟೇಲ್ಸ್', ಟ್ರಿಕ್‌ಸ್ಟರ್ ಮೊದಲು ಬರುವುದು), 21 ಮತ್ತು 22 (ಸ್ಯಾಮ್‌ನ ಸಾವು, ಡೀನ್‌ನ ಒಪ್ಪಂದ, ಬಾಬಿಯ ಪರಿಚಯವೂ ಇಲ್ಲೇ ಗಟ್ಟಿಯಾಗುತ್ತದೆ). 3ನೇ ಸೀಸನ್ನಿನಿಂದ 11 ಮತ್ತು 16. 4ನೇ ಸೀಸನ್ನಿನಿಂದ 1 ಮತ್ತು 9. ಕೊನೆಗೆ 5ನೇ ಸೀಸನ್ನಿನ 8, 'ಚೇಂಜಿಂಗ್ ಚಾನೆಲ್ಸ್' (2009ರ ನವೆಂಬರ್ 5). ಅದೂ ಜೆರೆಮಿ ಕಾರ್ವರ್ ಬರೆದದ್ದೇ, ಟ್ರಿಕ್‌ಸ್ಟರ್ ನಿಜವಾಗಿ ದೇವದೂತ ಗೇಬ್ರಿಯೆಲ್ ಎಂದು ಬಯಲಾಗುವುದು ಅಲ್ಲಿಯೇ. ಅದನ್ನು ನೋಡಿದ ಮೇಲೆ 'ಮಿಸ್ಟರಿ ಸ್ಪಾಟ್'ನ ಕೊನೆಯ ಮಾತುಕತೆಗೆ ಬೇರೆಯೇ ಅರ್ಥ ಬರುತ್ತದೆ: ಒಬ್ಬರಿಗಾಗಿ ಒಬ್ಬರು ಸಾಯುತ್ತ ಹೋದರೆ ಒಳ್ಳೆಯದಾಗುವುದಿಲ್ಲ ಎಂದು ಸ್ಯಾಮ್‌ಗೆ ಹೇಳುತ್ತಿದ್ದವನು ತನ್ನ ಅಣ್ಣಂದಿರ ಜಗಳ ತಾಳಲಾರದೆ ಮನೆ ಬಿಟ್ಟು ಬಂದವನು. ಮೂರನೇ_ಗೇಟ್ ಅವರು ಮರ್ಜಿ ಎಂದು ಕರೆದದ್ದಕ್ಕೆ ಇಲ್ಲಿ ಒಂದು ಕಾರಣ ಸಿಗುತ್ತದೆ. 2008ರಲ್ಲೇ ಅದನ್ನು ಯೋಚಿಸಿದ್ದರು ಎಂದು ನಾನು ವಾದಿಸುವುದಿಲ್ಲ.

ಒಂದೊಂದು ಸುಮಾರು 42 ನಿಮಿಷ, ಹತ್ತಕ್ಕೆ 7 ಗಂಟೆ. ಒಂದೇ ದಿನ ಬೇಡ. ಮೊದಲ ಐದು ಒಂದು ಬೈಠಕ್, 3 ಗಂಟೆ 30 ನಿಮಿಷ, ಡೀನ್‌ನ ಒಪ್ಪಂದಕ್ಕೆ ನಿಲ್ಲಲಿ. ಒಂದು ವಾರ ಬಿಟ್ಟು ಎರಡನೆಯದು, ಅದು 'ಮಿಸ್ಟರಿ ಸ್ಪಾಟ್'ನಿಂದ ಶುರುವಾಗಲಿ. ಆಗ ಗಡುವಿನ ಮಾತು ತಲೆಯಲ್ಲಿ ಹಸಿಯಾಗಿರುತ್ತದೆ.

ಪಿಸುಗುಮ್ಮಟ (ವಿಜಯಪುರ):

ಅನುಕ್ರಮ ಪಕ್ಕಾ ಅದರಿ. ತೋರಸೋ ಹೊತ್ತಿನ್ಯಾಗ ಮೂರು ಕಡೆ ಕೆಡ್ತದ, ಅಷ್ಟ ನೋಡಕೋರಿ.

ಪ್ರತಿ ಸಂಚಿಕೆ ಮುಂದ ಹಿಂದಿನ ಕತಿ ತುಣುಕು ಬರ್ತದ. ಆ್ಯಪಿನ್ಯಾಗ ಅದನ್ನ ದಾಟಸೋ ಬಟನ್ ಬಂದ್ರ ಒತ್ತಬ್ಯಾಡ್ರಿ. ನೀವು ಬಿಡಿ ಬಿಡಿ ಸಂಚಿಕೆ ತೋರಸೋದರಿಂದ ನಡುವಿನ ಕತಿ ಹೊಸಬರಿಗೆ ಸಿಗೋದ ಆ ತುಣುಕಿನ್ಯಾಗ. 'ಚೇಂಜಿಂಗ್ ಚಾನೆಲ್ಸ್'ಗೆ ಅದೂ ಸಾಲಂಗಿಲ್ಲ. ಲೂಸಿಫರ್ ಮತ್ತ ಮೈಕೆಲ್ ಯುದ್ಧಕ್ಕ ನಿಂತಾರ, ಅವರಿಗೆ ಮೈ ಆಗಬೇಕಾದವರು ಈ ಇಬ್ಬರು ಅಣ್ಣತಮ್ಮರು ಅಂತ ಬಾಯಿಂದ ಹೇಳಿ ಶುರು ಮಾಡ್ರಿ.

ತಾನ ಮುಂದಿನ ಸಂಚಿಕೆಗೆ ಹೋಗೋ ಸೆಟ್ಟಿಂಗ್ ಬಂದ್ ಮಾಡ್ರಿ. ಇಲ್ಲಾಂದ್ರ 'ಮಿಸ್ಟರಿ ಸ್ಪಾಟ್' ಮುಗಿಯೋ ಪುರಸತ್ತಿಲ್ಲ, 'ಜಸ್ ಇನ್ ಬೆಲ್ಲೋ' ಶುರು ಆಗಿ ಖಾನಾಪುರ_ರಸ್ತೆ ಅವರ ತಕರಾರು ಹೊಸಬರ ಕಣ್ಣ ಮುಂದ ನಿಂತುಬಿಡ್ತದ.

ಇನ್ನ ಸೌಂಡ್. ಮೊಬೈಲ್ ಸ್ಪೀಕರ್‌ನ್ಯಾಗ ಬ್ಯಾಡ್ರಿ. ಮುಂಜಾನೆ ಹಾಡು ಕಿವಿಗೆ ಹೊಡೀಬೇಕು, ಸ್ಯಾಮ್ ಬೆಚ್ಚಿ ಏಳೋದು ಅದಕ್ಕ. ಬುಧವಾರ ಬಂದಾಗ ರೇಡಿಯೋದಾಗ ಬ್ಯಾರೆ ಹಾಡು, ಹ್ಯೂಯಿ ಲೂಯಿಸ್‌ದು. ದಿನ ಬದಲಾದದ್ದನ್ನ ಮೊದಲ ಹೇಳೋದು ಆ ಹಾಡು, ಸಣ್ಣ ದನಿಯಾಗ ಹಚ್ಚಿದ್ರ ಹೊಸಬರಿಗೆ ಗೊತ್ತಾಗಂಗಿಲ್ಲ. ಮೊದಲ ಸಲ ಹಾಡು ಬಂದಾಗ ವಾಲ್ಯೂಮ್ ಎಲ್ಲಿಟ್ಟಿರ್ತೀರಿ, ಕಡೀತನಾ ಅಲ್ಲೇ ಇರಲಿ, ನಡುವ ಕಡಿಮಿ ಮಾಡಬ್ಯಾಡ್ರಿ.